ರೋಗಿಗಳ ಬಂಧು ಫಾದರ್ ಅಗಸ್ಟಸ್ ಮುಲ್ಲರ್

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ದೇವಾಲಯವನ್ನು ಕಟ್ಟಿದ ಗುರುವರ್ಯರನ್ನೂ, ಸ್ಥಳವಿತ್ತ ದಾನಿಗಳನ್ನೂ, ಕಲ್ಲುಮಣ್ಣು ಹೊತ್ತ ಹಿರಿಯರನ್ನೂ ನೆನೆಯುವ ಲೇಖನಗಳು ಬೇರೆ ಪುಟಗಳಲ್ಲಿವೆ. ನಾವು ಇಲ್ಲಿ ಬರೆಯಹೊರಟಿರುವುದು ನಮ್ಮ ಊರಿನವರಲ್ಲದ ಒಬ್ಬ ಗುರುವಿನ ಜೀವನವನ್ನು. ಆದರೂ ಅವರ ಹೆಸರು ಕಡೂರು, ತರೀಕೆರೆ, ಅಜ್ಜಂಪುರಗಳ ಯಾವ ಕ್ರೈಸ್ತ ಕುಟುಂಬಕ್ಕೂ ಅಪರಿಚಿತವಲ್ಲ. ಇಲ್ಲಿನ ವೈದ್ಯರು ಕೈಚೆಲ್ಲಿದ ಮೇಲೆ ರೋಗಿಯನ್ನು ಕರೆದುಕೊಂಡು ಚಾರ್ಮಾಡಿ ಘಟ್ಟವಿಳಿದು ಮಂಗಳೂರಿಗೆ ಹೋಗುವವರು ಎಲ್ಲಿಗೆ ಹೋಗುತ್ತೀರೆಂದು ಕೇಳಿದವರಿಗೆ ಹೇಳುವ ಹೆಸರು ಅದು. ಅಜ್ಜಿಯಂದಿರು ಮಕ್ಕಳ ಜ್ವರಕ್ಕೆ ಕೊಡುತ್ತಿದ್ದ ಸಣ್ಣ ಬಿಳಿಯ ಗುಳಿಗೆಗಳ ಸೀಸೆಯ ಮೇಲೆ ಇದ್ದ ಹೆಸರೂ ಅದೇ. ಆಸ್ಪತ್ರೆ ಗೊತ್ತು, ಸೀಸೆ ಗೊತ್ತು. ಆ ಹೆಸರಿನ ಮನುಷ್ಯ ಯಾರೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ಅವರನ್ನು ಈಗ ನೆನೆಯಲು ಕಾರಣವುಂಟು. ಎಚ್.ಐ.ವಿ. ಸೋಂಕು ತಗಲಿದವರು, ಏಡ್ಸ್‌ನಿಂದ ಗತಿಸಿದವರ ಪತ್ನಿಯರು, ಅವರ ಮಕ್ಕಳು ನಮ್ಮ ಈ ಸೀಮೆಯಲ್ಲಿಯೂ ಇದ್ದಾರೆ. ನಮ್ಮ ದೇವಾಲಯದ ಬೆಂಚುಗಳಲ್ಲಿಯೂ ಕುಳಿತಿರುತ್ತಾರೆ. ಅವರೊಡನೆ ಕ್ರೈಸ್ತ ಸಮುದಾಯ ಹೇಗೆ ನಡೆದುಕೊಳ್ಳತಕ್ಕದ್ದು ಎಂಬ ಪ್ರಶ್ನೆ ಪಾಲನಾ ಸಮಿತಿಯ ಸಭೆಗಳಲ್ಲಿ ಮೇಲಿಂದ ಮೇಲೆ ಎದ್ದಿದೆ. ಉಪನ್ಯಾಸ ಏರ್ಪಡಿಸೋಣ, ಭಿತ್ತಿಪತ್ರ ಅಂಟಿಸೋಣ ಎಂಬ ಸಲಹೆಗಳು ಬರುತ್ತವೆ. ಅವೂ ಬೇಕು. ಆದರೆ ಮದ್ದೇ ಇಲ್ಲದ ಕಾಲದಲ್ಲಿ, ಊರೇ ಹೊರಹಾಕಿದ ರೋಗಿಗಳ ನಡುವೆ ಒಬ್ಬ ಗುರು ಏನು ಮಾಡಿದರೆಂಬುದನ್ನು ಮೊದಲು ತಿಳಿದುಕೊಳ್ಳುವುದು ನಮಗೆ ಹೆಚ್ಚು ಪ್ರಯೋಜನಕರವೆಂದು ತೋರಿತು.

ಅಗಸ್ಟಸ್ ಮುಲ್ಲರ್ ಅವರು 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದಲ್ಲಿ ಜನಿಸಿದರು. ಆ ಪ್ರಾಂತ ಕಥೋಲಿಕ ಶ್ರದ್ಧೆಗೆ ಹೆಸರಾದುದು. ತಾರುಣ್ಯದಲ್ಲಿಯೇ ಅವರು ಯೇಸುಸಭೆಯನ್ನು ಸೇರಿದರು. ಆದರೆ ಅವರ ಪೀಳಿಗೆಯ ಜರ್ಮನ್ ಯೇಸುಸಭೆಯವರಿಗೆ ಸ್ವದೇಶದಲ್ಲಿ ನೆಲೆಯೇ ಇಲ್ಲದಂತಾಯಿತು. 1872ರಲ್ಲಿ ಬಿಸ್ಮಾರ್ಕನ ಸರ್ಕಾರ ಶಾಸನವೊಂದನ್ನು ಮಾಡಿ ಆ ಸಭೆಯನ್ನು ಜರ್ಮನಿಯಿಂದ ಹೊರದೂಡಿತು. ತಮ್ಮ ನಾಡಿನಲ್ಲಿ ತಮ್ಮ ಸಹೋದರರಿಗೆ ಇರಲು ಸ್ಥಳವಿಲ್ಲವೆಂಬುದನ್ನು ಕಂಡ ಈ ಗುರು ಮುಂದೆ ಯಾರಿಗೆ ಸ್ಥಳ ಮಾಡಿಕೊಟ್ಟರೆಂಬುದನ್ನು ನೋಡಿದಾಗ ದೇವರ ನಡೆ ಎಷ್ಟು ನಿಗೂಢವೆಂದು ನಮಗೆ ಅನಿಸದಿರದು.

ದೈವಶಾಸ್ತ್ರದ ಅಭ್ಯಾಸಕ್ಕಾಗಿ ಅವರು ಅಮೆರಿಕದಲ್ಲಿದ್ದ ಕಾಲದಲ್ಲಿ ಹೋಮಿಯೋಪತಿ ಚಿಕಿತ್ಸೆಯ ಪರಿಚಯವಾಯಿತು. ಈ ಪದ್ಧತಿಯನ್ನು ಸ್ಥಾಪಿಸಿದ ಹಾನೆಮನ್ ಜರ್ಮನಿಯವನೇ ಆದರೂ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅದು ಅತ್ಯಂತ ಪ್ರಬಲವಾಗಿ ಬೆಳೆದುದು ಅಮೆರಿಕದಲ್ಲಿ. ಅಂದಿನ ವೈದ್ಯರು ರಕ್ತ ಹರಿಸುವುದು, ಪಾದರಸ ತಿನ್ನಿಸುವುದು ಮುಂತಾದ ಉಗ್ರ ಕ್ರಮಗಳಿಂದ ರೋಗಿಯನ್ನು ಇನ್ನಷ್ಟು ಬಳಲಿಸುತ್ತಿದ್ದ ಕಾಲ ಇನ್ನೂ ಪೂರ್ತಿಯಾಗಿ ಕಳೆದಿರಲಿಲ್ಲ. ನೋವು ಕೊಡದ, ಅಗ್ಗದ, ಚಿಕ್ಕ ಪೆಟ್ಟಿಗೆಯಲ್ಲಿ ಎಲ್ಲಿಗೂ ಒಯ್ಯಬಹುದಾದ ಔಷಧ ದೂರದೇಶಕ್ಕೆ ಹೋಗಲಿರುವ ಗುರುವಿನ ಮನಸ್ಸಿಗೆ ಹಿಡಿಸಿದುದು ಸಹಜವೇ ಆಗಿದೆ.

ಮಂಗಳೂರಿನ ಧರ್ಮಕ್ಷೇತ್ರ ಆಗ ಕಾರ್ಮೆಲ್ ಸಭೆಯ ಗುರುಗಳ ಆಡಳಿತದಲ್ಲಿತ್ತು. ಅಲ್ಲಿನ ಕ್ರೈಸ್ತರು ತಮ್ಮ ಮಕ್ಕಳ ಉನ್ನತ ಶಿಕ್ಷಣಕ್ಕಾಗಿ ಯೇಸುಸಭೆಯವರನ್ನು ಕಳುಹಿಸಿಕೊಡಬೇಕೆಂದು ರೋಮಿಗೆ ಬಹುಕಾಲದಿಂದ ಬೇಡುತ್ತಲಿದ್ದರು. 1878ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅವರು ಆ ಬೇಡಿಕೆಯನ್ನು ಮನ್ನಿಸಿದರು. ಅದೇ ವರ್ಷ ಡಿಸೆಂಬರ್ 31ರಂದು ಮಂಗಳೂರನ್ನು ಸೇರಿದ ಯೇಸುಸಭೆಯ ಮೊದಲ ತಂಡದಲ್ಲಿ ಮುಂದೆ ಕೊಂಕಣಿ ಭಾಷೆಯ ವ್ಯಾಕರಣವನ್ನೂ ನಿಘಂಟನ್ನೂ ರಚಿಸಿ ಕೀರ್ತಿ ಪಡೆದ ಫಾದರ್ ಮಾಫೆಯಿ ಇದ್ದರು; ಔಷಧದ ಹವ್ಯಾಸವಿದ್ದ ಫಾದರ್ ಮುಲ್ಲರ್ ಇದ್ದರು. ಬಂದವರಲ್ಲಿ ಬಹುಮಂದಿ ಇಟಲಿಯವರು. ಅವರ ನಡುವೆ ಮುಲ್ಲರ್ ಜರ್ಮನ್. ಆಗ ಅವರಿಗೆ ಮೂವತ್ತೇಳು ವಯಸ್ಸು.

1880ರ ಜನವರಿಯಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಫಾದರ್ ಮುಲ್ಲರ್ ಅಲ್ಲಿ ಅಧ್ಯಾಪಕರಾದರು. ಕಾಲೇಜಿಗೆ ಇಟ್ಟ ಹೆಸರನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. ಸಂತ ಅಲೋಶಿಯಸ್ ಗೊಂಜಾಗ ರೋಮ್ ನಗರದಲ್ಲಿ ಸಾಂಕ್ರಾಮಿಕ ಹಬ್ಬಿದ್ದಾಗ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಹೊತ್ತು ಆಸ್ಪತ್ರೆಗೆ ಸೇರಿಸುತ್ತ, ಅದೇ ರೋಗ ತನಗೂ ತಗಲಿ, 1591ರಲ್ಲಿ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ ತರುಣ. ನಮ್ಮ ಚಿತ್ರಪಟಗಳಲ್ಲಿ ಲಿಲ್ಲಿ ಹೂವನ್ನು ಹಿಡಿದ ಕೋಮಲ ಬಾಲಕನಾಗಿ ಮಾತ್ರ ಉಳಿದಿರುವ ಈ ಸಂತನನ್ನು ಇಂದು ಏಡ್ಸ್ ರೋಗಿಗಳ ಮತ್ತು ಅವರ ಸೇವಕರ ಪಾಲಕನೆಂದು ಅನೇಕ ದೇಶಗಳ ಕ್ರೈಸ್ತರು ಸ್ಮರಿಸುತ್ತಾರೆ. ಲಿಲ್ಲಿ ಹೂವಿಗಿಂತ ಬೆನ್ನ ಮೇಲಿನ ರೋಗಿಯೇ ಆತನಿಗೆ ಹೆಚ್ಚು ಒಪ್ಪುವ ಲಾಂಛನವೆಂದು ನಮ್ಮ ಅಭಿಪ್ರಾಯ.

ಅದೇ 1880ರಲ್ಲಿ ಫಾದರ್ ಮುಲ್ಲರ್ ಅವರು ತಮ್ಮಲ್ಲಿದ್ದ ಔಷಧಗಳನ್ನು ಬಡವರಿಗೆ ಹಂಚಲಾರಂಭಿಸಿದರು. ಕಂಕನಾಡಿಯಲ್ಲಿ ಆಲದ ಮರವೊಂದರ ಅಡಿಯಲ್ಲಿ ಈ ಕೆಲಸ ಪ್ರಾರಂಭವಾಯಿತೆಂದು ಅಲ್ಲಿನ ಸಂಸ್ಥೆ ತನ್ನ ಇತಿಹಾಸದಲ್ಲಿ ಹೇಳಿಕೊಂಡು ಬಂದಿದೆ. ಬಡವರ ಹೋಮಿಯೋಪತಿ ಔಷಧಾಲಯವೆಂದೇ ಅದರ ಹೆಸರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಸರ್ಕಾರಿ ಆಸ್ಪತ್ರೆಗಳು ವಿರಳ. ಇದ್ದವುಗಳ ಮೆಟ್ಟಲೇರಲು ಬಡವನಿಗೆ ಭಯ. ಹೀಗಿರುವಾಗ ಜಾತಿ ಕೇಳದೆ, ಹಣ ಕೇಳದೆ ರೋಗದ ಲಕ್ಷಣವನ್ನು ಸಾವಧಾನವಾಗಿ ಕೇಳುವ ಒಬ್ಬ ಗಡ್ಡದ ಸ್ವಾಮಿಗಳು ದೊರೆತರೆಂದರೆ ಜನ ಸೇರದಿರುತ್ತಾರೆಯೇ? ಹೋಮಿಯೋಪತಿಯಲ್ಲಿ ರೋಗಿಯ ಮಾತನ್ನು ದೀರ್ಘವಾಗಿ ಕೇಳುವುದೇ ಚಿಕಿತ್ಸೆಯ ಮೊದಲ ಅಂಗ. ಯಾರೂ ಕೇಳದವರ ಮಾತನ್ನು ಒಬ್ಬ ಗುರು ಕುಳಿತು ಕೇಳಿದರೆ ಅರ್ಧ ನೋವು ಅಲ್ಲಿಯೇ ಇಳಿಯುವುದೆಂಬುದನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತ ಯಾವ ಗುರುವೂ ಬಲ್ಲ.

ಆದರೆ ದಾನಕ್ಕೆ ದುಡ್ಡು ಬೇಕು. ಈ ವಿಷಯದಲ್ಲಿ ಫಾದರ್ ಮುಲ್ಲರ್ ಅವರು ತೋರಿದ ವ್ಯವಹಾರ ಚಾತುರ್ಯ ನಮ್ಮನ್ನು ಬೆರಗುಗೊಳಿಸುತ್ತದೆ. ಔಷಧಗಳನ್ನು ಕಂಕನಾಡಿಯಲ್ಲಿಯೇ ತಯಾರಿಸಿ, ಸೀಸೆಗಳಲ್ಲಿ ತುಂಬಿ, ಬಳಸುವ ಕ್ರಮವನ್ನು ವಿವರಿಸುವ ಪುಸ್ತಕಗಳನ್ನು ಬರೆದು, ಅಂಚೆಯ ಮೂಲಕ ದೇಶದ ಮೂಲೆಮೂಲೆಗೂ ಕಳುಹಿಸಲಾರಂಭಿಸಿದರು. ಆಗ ಅಂಚೆಯ ಪಾರ್ಸೆಲ್ ವ್ಯವಸ್ಥೆ ಬೆಳೆಯುತ್ತಿದ್ದ ಕಾಲ. ವೈದ್ಯರಿಲ್ಲದ ಹಳ್ಳಿಗಳ ಶಾಲಾಮಾಸ್ತರರು, ತೋಟದ ಮೇಲ್ವಿಚಾರಕರು, ಧರ್ಮಪ್ರಚಾರಕ ಗುರುಗಳು ಇಂಥ ಔಷಧ ಪೆಟ್ಟಿಗೆಗೆ ಹಂಬಲಿಸುತ್ತಿದ್ದರು. ಕೊಳ್ಳಬಲ್ಲವರು ಬೆಲೆ ಕೊಟ್ಟು ಕೊಂಡರು. ಆ ಲಾಭದಿಂದ ಕೊಳ್ಳಲಾರದವರಿಗೆ ಉಚಿತವಾಗಿ ದೊರೆಯಿತು. ದಾನಿಗಳ ಬಾಗಿಲು ತಟ್ಟಲಿಲ್ಲವೆಂದಲ್ಲ. ಆದರೆ ವರ್ಷಕ್ಕೊಮ್ಮೆ ಬರುವ ದಾನವನ್ನೇ ನಂಬಿ ಕುಳಿತಿದ್ದರೆ ದಿನವೂ ಬರುವ ರೋಗಿಗೆ ಉತ್ತರ ಹೇಳಲಾಗುತ್ತಿರಲಿಲ್ಲ. ಹಬ್ಬದ ದಿನ ಉದಾರಿಗಳಾಗಿ ಮರುದಿನ ಮರೆತುಬಿಡುವ ನಮ್ಮ ಧರ್ಮಕೇಂದ್ರಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು.

ಇಷ್ಟಕ್ಕೇ ನಿಂತಿದ್ದರೆ ಫಾದರ್ ಮುಲ್ಲರ್ ಅವರು ಒಬ್ಬ ಪರೋಪಕಾರಿ ಔಷಧಗಾರರೆನಿಸುತ್ತಿದ್ದರು. ಅವರನ್ನು ಬೇರೆ ಎತ್ತರಕ್ಕೆ ಒಯ್ದವರು ಕುಷ್ಠರೋಗಿಗಳು.

ಅಂದು ಕುಷ್ಠವೆಂದರೆ ಏನೆಂಬುದನ್ನು ಇಂದಿನ ತರುಣರು ಊಹಿಸಲಾರರು. ದೇಹದ ಒಂದು ಮಚ್ಚೆಯಿಂದ ಮನುಷ್ಯ ತನ್ನ ಮನೆ, ಹೆಂಡತಿ, ಹೊಲ, ಹೆಸರು ಎಲ್ಲವನ್ನೂ ಕಳೆದುಕೊಳ್ಳುತ್ತಿದ್ದನು. ಊರ ಹೊರಗೆ ಗುಡಿಸಲು, ಬೇರೆ ಮಡಕೆ, ಜಾತ್ರೆಯ ದಾರಿಯ ಪಕ್ಕದಲ್ಲಿ ಭಿಕ್ಷೆ, ಸತ್ತರೆ ಹೊರುವವರಿಲ್ಲ. ಪೂರ್ವಜನ್ಮದ ಪಾಪವೆಂದು ಕೆಲವರು, ಈ ಜನ್ಮದ ದುರಾಚಾರವೆಂದು ಕೆಲವರು ಹೇಳುತ್ತಿದ್ದರು. ಕ್ರೈಸ್ತರಾದ ನಾವು ಇದರಿಂದ ಹೊರತಾಗಿದ್ದೆವೆಂದು ಹೆಮ್ಮೆ ಪಡುವಂತಿಲ್ಲ. ಮಧ್ಯಯುಗದ ಯೂರೋಪಿನಲ್ಲಿ ಕುಷ್ಠರೋಗಿಯನ್ನು ಸಮಾಜದಿಂದ ಬೇರ್ಪಡಿಸಲು ಸತ್ತವರಿಗೆ ಮಾಡುವಂತಹ ವಿಧಿಗಳನ್ನೇ ಅನುಸರಿಸಿದ ದೇಶಗಳುಂಟು. ಪ್ರಭು ಯೇಸುವಾದರೋ ಕುಷ್ಠರೋಗಿಯನ್ನು ಗುಣಪಡಿಸುವ ಮೊದಲು ಕೈಚಾಚಿ ಮುಟ್ಟಿದರೆಂದು ಶುಭಸಂದೇಶಕಾರ ಮಾರ್ಕನು ಬರೆದಿದ್ದಾನೆ. ಮಾತಿನಿಂದಲೇ ಗುಣಪಡಿಸಬಲ್ಲವರು ಮುಟ್ಟುವ ಅಗತ್ಯವೇನಿತ್ತು? ಆ ರೋಗಿಯನ್ನು ಯಾರೂ ಮುಟ್ಟಿರಲಿಲ್ಲವೆಂಬುದೇ ಅದಕ್ಕೆ ಕಾರಣವಾಗಿರಬೇಕೆಂದು ನಾವು ಭಾವಿಸುತ್ತೇವೆ.

ಕುಷ್ಠದ ರೋಗಾಣುವನ್ನು ನಾರ್ವೆ ದೇಶದ ಹ್ಯಾನ್ಸೆನ್ ಎಂಬ ವೈದ್ಯನು 1873ರಲ್ಲಿ ಕಂಡುಹಿಡಿದನು. ಪಾಪದ ಫಲವಲ್ಲ, ಸೂಕ್ಷ್ಮಜೀವಿಯ ಫಲ ಎಂಬುದು ಆಗಲೇ ಗೊತ್ತಾಯಿತು. ಆದರೆ ಕಾರಣ ತಿಳಿದ ಮಾತ್ರಕ್ಕೆ ಭಯ ಹೋಗಲಿಲ್ಲ. ಅಂಟುರೋಗವೆಂದು ತಿಳಿದ ಮೇಲೆ ಭಯ ಇಮ್ಮಡಿಸಿತು. ಅದೇ 1873ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಫಾದರ್ ದಾಮಿಯನ್ ಅವರು ಹವಾಯಿಯ ಮೊಲೊಕಾಯ್ ದ್ವೀಪಕ್ಕೆ ಹೋಗಿ ಅಲ್ಲಿ ಎಸೆಯಲ್ಪಟ್ಟಿದ್ದ ಕುಷ್ಠರೋಗಿಗಳ ನಡುವೆ ನೆಲೆಸಿದರು. ಅವರಿಗಾಗಿ ಮನೆ ಕಟ್ಟಿ, ನೀರು ತಂದು, ಶವಪೆಟ್ಟಿಗೆಗಳನ್ನು ತಮ್ಮ ಕೈಯಿಂದಲೇ ಮಾಡಿ, ಕೊನೆಗೆ ತಾವೂ ಅದೇ ರೋಗಕ್ಕೆ ತುತ್ತಾಗಿ 1889ರ ಏಪ್ರಿಲ್ 15ರಂದು ಮೃತರಾದರು. ಅವರು ಹುಟ್ಟಿದ್ದು 1840ರಲ್ಲಿ. ಫಾದರ್ ಮುಲ್ಲರ್ ಅವರಿಗಿಂತ ಒಂದು ವರ್ಷ ಹಿರಿಯರು. 2009ರಲ್ಲಿ ಪವಿತ್ರ ಸಭೆ ಅವರನ್ನು ಸಂತರೆಂದು ಘೋಷಿಸಿತು. ದ್ವೀಪದ ಈ ಗುರುವನ್ನು ಲೋಕವೆಲ್ಲ ಬಲ್ಲದು. ಕಂಕನಾಡಿಯ ಗುರು ಮಾಡಿದುದು ಅಷ್ಟು ರೋಮಾಂಚಕಾರಿಯಲ್ಲ. ಆದರೆ ಸಾಮಾನ್ಯ ಧರ್ಮಕೇಂದ್ರಗಳಿಗೆ ಅದು ಹೆಚ್ಚು ಹತ್ತಿರದ ಮಾದರಿ.

ಏಕೆಂದರೆ ಅವರು ರೋಗಿಗಳನ್ನು ದ್ವೀಪಕ್ಕೆ ಒಯ್ಯಲಿಲ್ಲ. ಔಷಧಾಲಯದ ಆವರಣದಲ್ಲಿ, ದಿನವೂ ನೂರಾರು ಜನ ಬಂದುಹೋಗುವ ಸ್ಥಳದಲ್ಲಿ, ಅವರಿಗೊಂದು ಮನೆ ಕಟ್ಟಿದರು. ಸಂತ ಜೋಸೆಫರ ಹೆಸರಿನಲ್ಲಿ ಬೆಳೆದ ಆ ಕುಷ್ಠರೋಗಿಗಳ ಆಶ್ರಯ ಆ ಶತಮಾನ ಮುಗಿಯುವುದಕ್ಕೆ ಮೊದಲೇ ನೆಲೆಗೊಂಡಿತು. ಸರ್ಕಾರ 1898ರಲ್ಲಿ ಮಾಡಿದ ಶಾಸನವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿದರೆ ಅಂತರ ತಿಳಿಯುವುದು. ಆ ಶಾಸನ ಅಧಿಸೂಚಿತ ಪ್ರದೇಶಗಳಲ್ಲಿ ನಿರ್ಗತಿಕ ಕುಷ್ಠರೋಗಿಯನ್ನು ವಾರಂಟಿಲ್ಲದೆ ಬಂಧಿಸಿ ಆಶ್ರಮಕ್ಕೆ ತಳ್ಳುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು; ಕೆಲವು ಕಸುಬುಗಳನ್ನು ಮಾಡದಂತೆ, ಸಾರ್ವಜನಿಕ ಬಾವಿ ಕೆರೆಗಳಲ್ಲಿ ಸ್ನಾನ ಮಾಡದಂತೆ ತಡೆಯಿತ್ತು. ಊರಿನ ಕಣ್ಣಿಗೆ ಬೀಳದಂತೆ ಬಚ್ಚಿಡುವ ಮನೆಯೂ ಮನೆಯೇ; ಬಂದವನನ್ನು ಬಾ ಎನ್ನುವ ಮನೆಯೂ ಮನೆಯೇ. ಗೋಡೆ ಒಂದೇ ಬಗೆಯದಾದರೂ ಬಾಗಿಲು ಬೇರೆ. ಆ 1898ರ ಶಾಸನ ರದ್ದಾದುದು 2016ರಲ್ಲಿ ಎಂಬುದನ್ನು ಓದುಗರು ಗಮನಿಸಬೇಕು. ಕುಷ್ಠರೋಗವನ್ನು ವಿವಾಹ ವಿಚ್ಛೇದನಕ್ಕೆ ಕಾರಣವೆಂದು ಎಣಿಸುತ್ತಿದ್ದ ಕಾನೂನುಗಳ ತಿದ್ದುಪಡಿ ಆದುದು 2019ರಲ್ಲಿ.

ಆ ಮನೆಯಲ್ಲಿ ರೋಗಿಗಳಿಗೆ ದೊರೆತುದಾದರೂ ಏನು? ಕುಷ್ಠಕ್ಕೆ ಆಗ ಮದ್ದಿರಲಿಲ್ಲ. ಚಾಲ್‌ಮೋಗ್ರ ಎಂಬ ಕಾಯಿಯ ಎಣ್ಣೆಯನ್ನು ದೇಶೀಯ ವೈದ್ಯರೂ ಆಂಗ್ಲ ವೈದ್ಯರೂ ಬಳಸುತ್ತಿದ್ದರು. ಅದರ ಗುಣ ಅಲ್ಪ, ಯಾತನೆ ಬಹಳ. ಫಾದರ್ ಮುಲ್ಲರ್ ಅವರ ಗುಳಿಗೆಗಳೂ ಕುಷ್ಠವನ್ನು ಬೇರುಸಹಿತ ಕೀಳಲಿಲ್ಲ. ಇದನ್ನು ನಾವು ಸ್ಪಷ್ಟವಾಗಿಯೇ ಹೇಳಬಯಸುತ್ತೇವೆ. ಮಹನೀಯರ ಚರಿತ್ರೆಯನ್ನು ಪವಾಡಗಳಿಂದ ಸಿಂಗರಿಸುವ ಅಭ್ಯಾಸ ನಮ್ಮಲ್ಲಿ ಉಂಟು, ಅದು ಅವರಿಗೆ ಗೌರವ ತರುವುದಿಲ್ಲ. ಕುಷ್ಠಕ್ಕೆ ನಿಜವಾದ ಮದ್ದು ಬಂದುದು 1940ರ ದಶಕದಲ್ಲಿ ಸಲ್ಫೋನ್ ಔಷಧಗಳೊಡನೆ. 1980ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಆರು ತಿಂಗಳಿನಿಂದ ಒಂದು ವರ್ಷದೊಳಗೆ ಅದು ಪೂರ್ಣವಾಗಿ ಗುಣವಾಗುವಂತಾಯಿತು. ಫಾದರ್ ಮುಲ್ಲರ್ ಅವರ ಮನೆಯಲ್ಲಿದ್ದವರಿಗೆ ದೊರೆತುದು ಹೊತ್ತು ಹೊತ್ತಿಗೆ ಅನ್ನ, ತೊಳೆದ ಗಾಯ, ಒಗೆದ ಬಟ್ಟೆ, ಹೆಸರು ಹಿಡಿದು ಕರೆಯುವ ಜನ, ಸತ್ತಾಗ ಒಂದು ಗೋರಿ. ಮದ್ದಿನ ಹೊರತಾಗಿ ಮನುಷ್ಯನಿಗೆ ಬೇಕಾದುದೆಲ್ಲ ಅಲ್ಲಿತ್ತು.

ಕುಷ್ಠದ ನಂತರ ಬಂದುದು ಪ್ಲೇಗ್. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಹಾಮಾರಿ ರೈಲಿನ ಹಾದಿ ಹಿಡಿದು ದಕ್ಷಿಣಕ್ಕೆ ಇಳಿಯಿತು. ಹುಬ್ಬಳ್ಳಿ, ಧಾರವಾಡಗಳಲ್ಲಿ ಹಬ್ಬಿ, 1898ರಲ್ಲಿ ಬೆಂಗಳೂರನ್ನು ಹೊಕ್ಕಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಗಾಡಿ ನಮ್ಮ ಅಜ್ಜಂಪುರ, ಬೀರೂರು, ಕಡೂರುಗಳನ್ನು ಹಾದೇ ಹೋಗಬೇಕು. ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆಯೆಂದೇ ಹೆಸರು. ರೈಲು ಪ್ರಯಾಣಿಕರ ತಪಾಸಣೆ, ಇಲಿ ಬಿದ್ದ ಮನೆಗೆ ಬೀಗ, ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡು ವಾಸ ಮಾಡುವುದು ಮುಂತಾದ ಸಂಗತಿಗಳನ್ನು ಮೈಸೂರು ಸೀಮೆಯ ಹಿರಿಯರು ಬಹುಕಾಲ ಹೇಳುತ್ತಲಿದ್ದರು. ಮಂಗಳೂರಿಗೆ ಆಗ ರೈಲಿರಲಿಲ್ಲ. ಆದರೂ 1902ರಲ್ಲಿ ಪ್ಲೇಗ್ ಅಲ್ಲಿಗೂ ತಲುಪಿತು. ಅರವತ್ತನ್ನು ದಾಟಿದ್ದ ಫಾದರ್ ಮುಲ್ಲರ್ ಅವರು ಕಂಕನಾಡಿಯಲ್ಲಿ ಪ್ಲೇಗ್ ರೋಗಿಗಳಿಗಾಗಿಯೇ ಪ್ರತ್ಯೇಕ ಆಸ್ಪತ್ರೆ ತೆರೆದರು. ಊರು ಬಿಟ್ಟು ಓಡುವವರ ದಾರಿಗೆ ಎದುರಾಗಿ ನಡೆಯಲು ಎಂತಹ ಎದೆ ಬೇಕೆಂಬುದನ್ನು 2020ರ ಕೊರೊನಾ ಕಾಲವನ್ನು ಕಂಡ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಸರ್ಕಾರ ಅವರನ್ನು ಕೈಸರ್-ಇ-ಹಿಂದ್ ಪದಕದಿಂದ ಗೌರವಿಸಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಫಾದರ್ ಮುಲ್ಲರ್ ಅವರು ಪ್ರಭುವಿನಲ್ಲಿ ಐಕ್ಯರಾದರು. ಮಂಗಳೂರಿಗೆ ಬಂದು ಮೂವತ್ತೊಂದು ವರ್ಷ ಹತ್ತು ತಿಂಗಳಾಗಿತ್ತು. ಅವರ ಸಂಸ್ಥೆ ಮುಂದೆ ಮಂಗಳೂರು ಧರ್ಮಕ್ಷೇತ್ರದ ಆಡಳಿತಕ್ಕೆ ಬಂದು, 1985ರಲ್ಲಿ ಹೋಮಿಯೋಪತಿ ಕಾಲೇಜನ್ನೂ 1999ರಲ್ಲಿ ವೈದ್ಯಕೀಯ ಕಾಲೇಜನ್ನೂ ಪಡೆದು, ಹೆಮ್ಮರವಾಗಿ ಬೆಳೆದ ಕಥೆ ಎಲ್ಲರಿಗೂ ತಿಳಿದದ್ದೇ. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಅವರು ಗತಿಸಿ ಮುಕ್ಕಾಲು ಶತಮಾನವಾದ ಮೇಲೆ, 1986ರಲ್ಲಿ, ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲ ಬಾರಿಗೆ ಪತ್ತೆಯಾಯಿತು. ಮದರಾಸಿನಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಅದನ್ನು ಬೆಳಕಿಗೆ ತಂದರು. ಕುಷ್ಠದ ಹಳೆಯ ಭಯಕ್ಕೆ ಹೊಸ ಮನೆ ಸಿಕ್ಕಿತು. ಬೇರೆ ಮಡಕೆ, ಬೇರೆ ತಟ್ಟೆ, ಪಾಪದ ಫಲವೆಂಬ ಮಾತು, ಯಾವುದೂ ಹೊಸದಲ್ಲ. ಅಂದು ಮದ್ದಿಲ್ಲದೆ ಜನ ಸತ್ತರು. 2004ರಿಂದ ಸರ್ಕಾರ ಎ.ಆರ್.ಟಿ. ಎಂಬ ಚಿಕಿತ್ಸೆಯನ್ನು ಉಚಿತವಾಗಿ ಕೊಡುತ್ತಿದೆ. ದಿನವೂ ತಪ್ಪದೆ ಮಾತ್ರೆ ಸೇವಿಸಿದವರು ಇತರರಂತೆ ದುಡಿದು ದೀರ್ಘಕಾಲ ಬಾಳುತ್ತಾರೆ. ರಕ್ತದಲ್ಲಿ ವೈರಾಣು ಪರೀಕ್ಷೆಗೆ ಸಿಗದಷ್ಟು ಕುಗ್ಗಿದವರಿಂದ ದಾಂಪತ್ಯದಲ್ಲಿಯೂ ಸೋಂಕು ಹರಡದೆಂದು ವೈದ್ಯವಿಜ್ಞಾನ ಖಚಿತಪಡಿಸಿದೆ. ಗರ್ಭಿಣಿಯರಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಮಗು ಬಹುಮಟ್ಟಿಗೆ ಸುರಕ್ಷಿತ. ಹೀಗೆ ಮದ್ದು ಬಂದಿದೆ. ಭಯ ಹಾಗೆಯೇ ಉಳಿದಿದೆ. ಫಾದರ್ ಮುಲ್ಲರ್ ಅವರ ಕಾಲಕ್ಕೆ ತದ್ವಿರುದ್ಧವಾದ ಸ್ಥಿತಿ ಇದು: ಇಂದು ರೋಗಿಗೆ ಮಾತ್ರೆಯುಂಟು, ಮನೆಯಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಫಾದರ್ ಮುಲ್ಲರ್ ಅವರ ಹೆಸರಿನ ಮೇಲಿನ ಭಕ್ತಿಯಿಂದಾಗಲಿ, ಪ್ರಾರ್ಥನಾಕೂಟಗಳಲ್ಲಿ ಗುಣವಾಯಿತೆಂದು ಯಾರಾದರೂ ಸಾರಿದುದರಿಂದಾಗಲಿ ಎ.ಆರ್.ಟಿ. ಮಾತ್ರೆಗಳನ್ನು ಯಾರೂ ನಿಲ್ಲಿಸಕೂಡದು. ಸಿಹಿ ಗುಳಿಗೆಯಾಗಲಿ, ಗಿಡಮೂಲಿಕೆಯಾಗಲಿ ಈ ವೈರಾಣುವನ್ನು ಅಡಗಿಸಲಾರದು. ತಮ್ಮ ಕಾಲದಲ್ಲಿ ಲಭ್ಯವಿದ್ದುದರಲ್ಲಿ ಉತ್ತಮವೆಂದು ನಂಬಿದುದನ್ನು ರೋಗಿಗೆ ಕೊಟ್ಟ ಆ ಗುರು ಇಂದು ಇದ್ದಿದ್ದರೆ ಇಂದಿನ ಉತ್ತಮವಾದುದನ್ನೇ ಕೊಡುತ್ತಿದ್ದರೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಪವಿತ್ರ ಸಭೆ ಈ ವಿಷಯದಲ್ಲಿ ಕೈಕಟ್ಟಿ ಕುಳಿತಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ 1970ರ ದಶಕದ ಕೊನೆಯಲ್ಲಿ ಕುಷ್ಠರೋಗಿಗಳಿಗಾಗಿ ಆರಂಭವಾದ ಸುಮನಹಳ್ಳಿ ಮುಂದೆ ಎಚ್.ಐ.ವಿ. ಪೀಡಿತರಿಗೂ ಬಾಗಿಲು ತೆರೆಯಿತು. ಒಂದೇ ಅಂಗಳದಲ್ಲಿ ಹಳೆಯ ರೋಗ, ಹೊಸ ರೋಗ. ಸರ್ಜಾಪುರ ರಸ್ತೆಯಲ್ಲಿ ಸಂತ ಕಮಿಲ್ಲಸರ ಸಭೆಯವರು 1997ರಲ್ಲಿ ಸ್ನೇಹದಾನವನ್ನು ಆರಂಭಿಸಿದರು. ಭಾರತದ ಧರ್ಮಾಧ್ಯಕ್ಷರ ಮಂಡಳಿ 2005ರಲ್ಲಿ ಈ ರೋಗದ ಕುರಿತು ತನ್ನ ನೀತಿಯನ್ನು ಪ್ರಕಟಿಸಿತು. ಆದರೆ ಬೆಂಗಳೂರಿನಲ್ಲಿ ಆಶ್ರಮವಿರುವುದರಿಂದ ಕಡೂರಿನ ಕರ್ತವ್ಯ ತೀರುವುದಿಲ್ಲ. ಅಲ್ಲಿಗೆ ಕಳುಹಿಸಿಬಿಡಿ ಎನ್ನುವವರು ನಮ್ಮಲ್ಲಿ ಹಲವರು. ದ್ವೀಪಕ್ಕೆ ಕಳುಹಿಸಿದವರೂ ಅದನ್ನೇ ಹೇಳಿದ್ದರು.

ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಒಂದು ಧರ್ಮಕೇಂದ್ರದಲ್ಲಿ ಈ ರೋಗದಿಂದ ತೀರಿಕೊಂಡ ತರುಣನ ಶವಸಂಸ್ಕಾರ ನಡೆಯಿತು. ಶವಪೆಟ್ಟಿಗೆಯನ್ನು ಹೊರಲು ನಾಲ್ವರು ಬೇಕು. ಇಬ್ಬರು ಬಂದರು, ತಂದೆ ಮತ್ತು ತಮ್ಮ. ಉಳಿದ ಎರಡು ಹೆಗಲುಗಳಿಗಾಗಿ ಬಲಿಪೂಜೆ ಮುಗಿದ ಮೇಲೆ ಅರ್ಧ ಗಂಟೆ ಕಾಯಬೇಕಾಯಿತು. ಕೊನೆಗೆ ಒಂದು ಹೆಗಲನ್ನು ಕೊಟ್ಟವನು ಕ್ರೈಸ್ತನಲ್ಲದ ನೆರೆಮನೆಯವನು, ಇನ್ನೊಂದು ನಮ್ಮದು. ಶವದಿಂದ ಹೊತ್ತವರಿಗೆ ಸೋಂಕು ತಗಲದು ಎಂಬುದು ಅಲ್ಲಿ ನಿಂತಿದ್ದ ಅನೇಕರಿಗೆ ತಿಳಿದಿತ್ತು. ತಿಳಿವಳಿಕೆಯ ಅಭಾವದಿಂದ ಅವರು ಹಿಂದೆ ನಿಂತವರಲ್ಲ. 2017ರ ಎಚ್.ಐ.ವಿ. ಶಾಸನ, ಜಾರಿಗೆ ಬಂದುದು 2018ರ ಸೆಪ್ಟೆಂಬರಿನಲ್ಲಿ, ಉದ್ಯೋಗ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳಲ್ಲಿ ಮಾತ್ರವಲ್ಲ, ಸಮಾಧಿಸ್ಥಳ ಮತ್ತು ಶವಸಂಸ್ಕಾರದಲ್ಲಿಯೂ ತಾರತಮ್ಯವನ್ನು ನಿಷೇಧಿಸಿದೆ. ಕ್ರೈಸ್ತರಿಗೆ ಇದನ್ನು ಹೇಳಲು ಪಾರ್ಲಿಮೆಂಟು ಬೇಕಾಯಿತೆಂಬುದು ನಮ್ಮನ್ನು ತಲೆತಗ್ಗಿಸುವಂತೆ ಮಾಡುತ್ತದೆ.

ನಮ್ಮ ಈ ಮೂರು ಊರುಗಳು ರೈಲು ಮತ್ತು ಹೆದ್ದಾರಿಗಳ ಊರುಗಳು. ಮಳೆ ಕೈಕೊಟ್ಟ ವರ್ಷಗಳಲ್ಲಿ ಕಡೂರಿನ ಬಯಲಿನಿಂದ ಜನ ಕೆಲಸ ಹುಡುಕಿಕೊಂಡು ಹೊರಡುತ್ತಾರೆ. ಲಾರಿ ನಡೆಸುವವರು ತಿಂಗಳುಗಟ್ಟಲೆ ಮನೆ ಬಿಟ್ಟಿರುತ್ತಾರೆ. ಅವರನ್ನು ದೂಷಿಸುವುದು ಸುಲಭ. ಗಂಡನಿಂದ ಸೋಂಕು ಪಡೆದು, ಗಂಡನನ್ನು ಮಣ್ಣುಮಾಡಿ, ಅತ್ತೆಯ ಮನೆಯಿಂದ ಹೊರಬಿದ್ದ ತಾಯಿಯನ್ನು ಯಾವ ಪಾಪಕ್ಕಾಗಿ ದೂಷಿಸುವುದು? ಆಕೆ ಹಾಗಿರಲಿ, ಸ್ವತಃ ತಪ್ಪಿ ನಡೆದವನನ್ನಾದರೂ ದೂಷಿಸಲು ನಮಗೆ ಯಾರು ಅಧಿಕಾರವಿತ್ತರು? ಫಾದರ್ ಮುಲ್ಲರ್ ಅವರ ಔಷಧಾಲಯದಲ್ಲಿ ರೋಗ ಹೇಗೆ ಬಂತೆಂದು ಕೇಳಿದ್ದು ಚಿಕಿತ್ಸೆಗಾಗಿ, ತೀರ್ಪಿಗಾಗಿ ಅಲ್ಲ.

ಆದುದರಿಂದ ನಮ್ಮ ಧರ್ಮಕೇಂದ್ರದಲ್ಲಿ ಕೆಲವು ವಿಷಯಗಳನ್ನು ಈ ಶತಮಾನೋತ್ಸವ ವರ್ಷದಿಂದಲೇ ರೂಢಿಗೆ ತರಲು ನಿಶ್ಚಯಿಸಿದ್ದೇವೆ. ಶಾಂತಿಯ ಕೈಕುಲುಕುವಿಕೆಯಿಂದಾಗಲಿ, ಪಾನಪಾತ್ರೆಯಿಂದಾಗಲಿ, ಹಬ್ಬದ ಊಟದ ಪಂಕ್ತಿಯಿಂದಾಗಲಿ, ಸೊಳ್ಳೆಯಿಂದಾಗಲಿ ಈ ಸೋಂಕು ಹರಡದೆಂಬುದನ್ನು ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ಕಲಿಸಲಾಗುವುದು. ದೊಡ್ಡವರು ಮಕ್ಕಳಿಂದ ಕಲಿಯಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ರೋಗದ ಹೆಸರಿನೊಡನೆ ರೋಗಿಯ ಹೆಸರನ್ನು ಯಾರೂ ಓದಕೂಡದು. ಒಬ್ಬರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವುದು ಕಾನೂನಿಗೂ ವಿರುದ್ಧ, ಪ್ರೀತಿಗೂ ವಿರುದ್ಧ. ವಿವಾಹಕ್ಕೆ ಸಿದ್ಧರಾಗುವ ವಧೂವರರಿಗೆ ರಕ್ತಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವೆಂದೂ ಗೌಪ್ಯವೆಂದೂ ತಿಳಿಸಲಾಗುವುದು; ಪರಸ್ಪರ ಸತ್ಯವನ್ನು ಹೇಳಿಕೊಳ್ಳುವಂತೆ ಪ್ರೇರೇಪಿಸಲಾಗುವುದು. ಸಂದೇಹವಿದ್ದವರು 1097 ಎಂಬ ಉಚಿತ ದೂರವಾಣಿಗೆ ಹೆಸರು ಹೇಳದೆಯೇ ಕರೆ ಮಾಡಬಹುದು. ಶವಪೆಟ್ಟಿಗೆ ಹೊರಲು ಯುವಕರ ಪಟ್ಟಿಯೊಂದು ಸಿದ್ಧವಾಗಿದೆ. ಸತ್ತವರು ಯಾವ ರೋಗದಿಂದ ಸತ್ತರೆಂದು ಕೇಳುವುದಿಲ್ಲವೆಂದು ಅವರು ಒಪ್ಪಿಕೊಂಡಿದ್ದಾರೆ.

ಉಳಿದುದು ಬಸ್ಸಿನ ಹಣ. ಮಾತ್ರೆ ಉಚಿತವಾದರೂ ಅದನ್ನು ತರಲು ಎ.ಆರ್.ಟಿ. ಕೇಂದ್ರಕ್ಕೆ ಹೋಗಬೇಕು. ಹತ್ತಿರದ ಕೇಂದ್ರಕ್ಕೆ ಹೋದರೆ ಪರಿಚಿತರ ಕಣ್ಣಿಗೆ ಬೀಳುವ ಭಯದಿಂದ ಕೆಲವರು ಬೇಕೆಂದೇ ದೂರದ ಜಿಲ್ಲೆಗೆ ಹೋಗುತ್ತಾರೆ. ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ. ದುಡ್ಡಿಲ್ಲದ ತಿಂಗಳು ಮಾತ್ರೆ ತಪ್ಪುತ್ತದೆ. ತಪ್ಪಿದರೆ ವೈರಾಣು ಮತ್ತೆ ತಲೆಯೆತ್ತಿ ಔಷಧಕ್ಕೆ ಬಗ್ಗದಾಗುತ್ತದೆ. ಶತಮಾನೋತ್ಸವದ ಕಾಣಿಕೆಯಲ್ಲಿ ದೀಪಾಲಂಕಾರಕ್ಕೆಂದು ತೆಗೆದಿಟ್ಟಿದ್ದ ಮೊತ್ತದ ಅರ್ಧವನ್ನು ಪಾಲನಾ ಸಮಿತಿ ಇದಕ್ಕಾಗಿ ಬಿಟ್ಟುಕೊಟ್ಟಿದೆ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಪ್ರತಿ ತಿಂಗಳ ಮೊದಲ ಭಾನುವಾರ ಅದಕ್ಕೆ ಸ್ವಲ್ಪ ಸ್ವಲ್ಪ ಸೇರಿಸುತ್ತಾರೆ. ಹಣ ಗುರುನಿವಾಸದಲ್ಲಿರುತ್ತದೆ. ಬಂದವರು ಎಲ್ಲಿಗೆ, ಏಕೆ ಎಂದು ಹೇಳಬೇಕಾಗಿಲ್ಲ. ಪ್ರಯಾಣಕ್ಕೆ ಬೇಕು ಎಂದರೆ ಸಾಕು. ಲೆಕ್ಕದ ಪುಸ್ತಕದಲ್ಲಿ ತಾರೀಕು ಮತ್ತು ಮೊತ್ತವನ್ನು ಮಾತ್ರ ಬರೆಯುತ್ತೇವೆ.